ಬಾಯ್ಲರ್ ಮೇಸ್ತ್ರಿಯ ಸಂತಾಪ ಸಭೆ

ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆಗಳು. ಪ್ರತಿ ಮನೆಯ ಅಡುಗೆಮನೆ ಗೋಡೆಯ ಮೇಲೂ ಒಂದೊಂದು ಗ್ಯಾಸ್ ಬಾಯ್ಲರ್. ಸ್ನಾನಕ್ಕೆ ಬಿಸಿನೀರು ಕೊಡುವುದೂ ಅದೇ, ಚಳಿಗಾಲದಲ್ಲಿ ಗೋಡೆಗುಂಟ ಓಡುವ ಕೊಳವೆಗಳನ್ನು ಕಾಯಿಸಿ ಮನೆ ಬೆಚ್ಚಗಿಡುವುದೂ ಅದೇ. ಈ ಹನ್ನೆರಡರಲ್ಲಿ ಹನ್ನೊಂದು ಕೆಟ್ಟಿವೆ, ಒಂದು ಮಾತ್ರ ಗಡಿಯಾರದ ಹಾಗೆ ನಡೆಯುತ್ತಿದೆ ಎಂಬುದು ಈ ಚಳಿಗಾಲದ ಆರಂಭದಲ್ಲಿ ಎಲ್ಲರ ಒಮ್ಮತದ ಅಭಿಪ್ರಾಯವಾಗಿತ್ತು. ವಾಸ್ತವದಲ್ಲಿ ಹನ್ನೆರಡೂ ಕೆಟ್ಟಿದ್ದವು. ಎಲ್ಲಕ್ಕಿಂತ ಹೆಚ್ಚು ಕೆಟ್ಟಿದ್ದು ಆ ಗಡಿಯಾರವೇ. ಅದರ ಒಡೆಯರು ನಮ್ಮ ಷರಾ ರಾಯರು.

ರಾಯರು ನೀರು ಸರಬರಾಜು ಕಚೇರಿಯ ತಪಾಸಣಾ ವಿಭಾಗದಲ್ಲಿ ಹೆಡ್ ಕ್ಲಾರ್ಕು. ಕಡತದ ಅಂಚಿನಲ್ಲಿ ಷರಾ ಬರೆದು ಬರೆದು ಕೈ ಪಳಗಿ, ಕಣ್ಣಿಗೆ ಬಿದ್ದ ಯಾವ ಕಾಗದವನ್ನೂ ಷರಾ ಇಲ್ಲದೆ ಬಿಡುವವರಲ್ಲ. ಒಮ್ಮೆ ಹೆಂಡತಿ ಕೊಟ್ಟ ತರಕಾರಿ ಚೀಟಿಯ ಪಕ್ಕದಲ್ಲಿ ‘ನೋಡಲಾಗಿದೆ. ಬದನೆಯ ಅಗತ್ಯದ ಬಗ್ಗೆ ವಿವರಣೆ ಸಲ್ಲಿಸುವುದು’ ಎಂದು ಬರೆದು, ಪೇಟೆಗೆ ಹೋಗದೆ ಚೀಟಿಯನ್ನು ವಾಪಸ್ ಕೊಟ್ಟಿದ್ದರಂತೆ. ಊರಿನ ನೂರ ನಲವತ್ತು ಪಂಪುಗಳನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕೆಂಬುದು ಅವರ ಕಚೇರಿಯ ನಿಯಮ. ವರ್ಷದ ಕೊನೆಯ ವಾರ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಮೂವರು ಗುಮಾಸ್ತರು ಮೂರು ಪೆನ್ನು ಹಿಡಿದು ಹನ್ನೆರಡು ತಿಂಗಳನ್ನೂ ಒಟ್ಟಿಗೆ ತುಂಬುವುದು ಪದ್ಧತಿ. ಇದು ಸುಳ್ಳು ಎಂದು ರಾಯರಿಗೆ ಯಾವತ್ತೂ ಅನ್ನಿಸಿರಲಿಲ್ಲ. ರಿಜಿಸ್ಟರು ತುಂಬಿತು ಎಂದರೆ ಪಂಪಿಗೆ ಗ್ರೀಸು ಬಿತ್ತು ಎಂದೇ ಅವರ ಲೆಕ್ಕ.

ಹೀಗಿರುವಾಗ ರಾಯರ ಅಕ್ಕ ಬರುವ ಸುದ್ದಿ ಬಂತು. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದುಡಿದು, ಹೆಡ್ ನರ್ಸ್ ಆಗಿ ನಿವೃತ್ತಿಯಾದವರು. ಚಿಕ್ಕಂದಿನಲ್ಲೇ ತಾಯಿ ಹೋದ ಮೇಲೆ ರಾಯರನ್ನು ಸಾಕಿ, ಓದಿಸಿ, ಗದರಿಸಿ ದೊಡ್ಡವರನ್ನಾಗಿ ಮಾಡಿದ್ದು ಅವರೇ. ಗದರಿಸಿದ್ದು ಸ್ವಲ್ಪ ಜಾಸ್ತಿಯೇ. ರಾಯರಿಗೆ ಈಗ ಐವತ್ತೆರಡು ತುಂಬಿದ್ದರೂ ಅಕ್ಕನ ಬಾಯಿಂದ ‘ಭೇಷ್’ ಎಂಬ ಒಂದು ಮಾತು ಬಿದ್ದಿರಲಿಲ್ಲ. ಆ ಒಂದು ಮಾತಿಗಾಗಿ ಅವರು ಏನು ಬೇಕಾದರೂ ಮಾಡಲು ತಯಾರಿದ್ದರು, ಕೆಲಸ ಒಂದನ್ನು ಬಿಟ್ಟು.

ಅಕ್ಕನ ಮಂಡಿಗೆ ಆಪರೇಷನ್ ಆಗಿತ್ತು. ಆರು ವಾರ ಬೆಳಿಗ್ಗೆ ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟು ವ್ಯಾಯಾಮ ಮಾಡಬೇಕು, ಇಲ್ಲದಿದ್ದರೆ ಮಂಡಿ ಮರಗಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು.

“ನೋಡಿ, ಅಕ್ಕ ಬರೋದ್ರೊಳಗೆ ಬಾಯ್ಲರ್ ಸರ್ವೀಸ್ ಮಾಡಿಸ್ಬಿಡಿ” ಎಂದರು ರಾಯರ ಹೆಂಡತಿ. “ತಂದು ಎಂಟು ವರ್ಷ ಆಯ್ತು. ಒಂದು ಸಲಾನೂ ಮುಚ್ಚಳ ತೆಗೆಸಿಲ್ಲ.”

“ಭಾನುವಾರ ಆ ವಿಷಯ ಇತ್ಯರ್ಥ ಮಾಡ್ತೀನಿ” ಎಂದರು ರಾಯರು.

ಮಾತಿಗೆ ತಪ್ಪುವವರಲ್ಲ. ಭಾನುವಾರ ಬಾಯ್ಲರ್‌ಗೆ ತೂಗುಹಾಕಿದ್ದ ಸರ್ವೀಸ್ ಕಾರ್ಡನ್ನು ಬಿಚ್ಚಿ ತಂದು ಮೇಜಿನ ಮೇಲಿಟ್ಟರು. ಎಂಟು ವರ್ಷದ ಎಂಟು ಸಾಲೂ ಖಾಲಿ. ಮೂರು ಪೆನ್ನು ತೆಗೆದುಕೊಂಡು ಎಂಟನ್ನೂ ತುಂಬಿದರು. ‘ಬಿಚ್ಚಿ ಶುಚಿಗೊಳಿಸಲಾಯಿತು. ಒತ್ತಡ ಸರಿಯಿದೆ. ಜ್ವಾಲೆ ನೀಲಿ.’ ಮೆಕ್ಯಾನಿಕ್ ಸಹಿ ಎಂಬ ಜಾಗದಲ್ಲಿ ಎಂಟು ಸಲ ಒಂದೇ ಬಗೆಯ ಸುರುಳಿ ಎಳೆದರು. ಕಾರ್ಡನ್ನು ಮತ್ತೆ ತೂಗುಹಾಕಿ, ದೊಡ್ಡ ಭಾರ ಇಳಿದವರ ಹಾಗೆ ಮಲಗಿ ಗೊರಕೆ ಹೊಡೆದರು.

ಅಕ್ಕ ಬಂದ ದಿನ ಊರುಗೋಲು ಊರಿಕೊಂಡು ಮನೆಯನ್ನೆಲ್ಲ ವಾರ್ಡಿನ ಹಾಗೆ ಸುತ್ತಿದರು. ಹಾಸಿಗೆಯ ಅಂಚು ಸರಿಯಿಲ್ಲ ಎಂದರು, ಕಿಟಕಿಯ ಸಂದಿಯಲ್ಲಿ ಧೂಳಿದೆ ಎಂದರು, ತಮ್ಮನ ಹೊಟ್ಟೆ ಮುಂದೆ ಬಂದಿದೆ ಎಂದರು. ಅಡುಗೆಮನೆಗೆ ಬಂದವರು ಕಾರ್ಡ್ ಕಂಡು ನಿಂತರು. ಕನ್ನಡಕ ಏರಿಸಿ ಎಂಟೂ ಸಾಲನ್ನು ಓದಿದರು.

“ವರ್ಷಾ ವರ್ಷಾ ಮಾಡಿಸಿದ್ದೀಯೇನೋ?”

“ಹೂಂ, ಅಕ್ಕ.”

“ಭೇಷ್!”

ರಾಯರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕ ಅಷ್ಟಕ್ಕೇ ಬಿಡದೆ, “ಯಾರೋ ಈ ಮೆಕ್ಯಾನಿಕ್ಕು? ಇಷ್ಟು ಶಿಸ್ತಿನ ಮನುಷ್ಯ ಈ ಕಾಲದಲ್ಲೂ ಇದ್ದಾನಾ?” ಎಂದು ಕೇಳಿದರು. ಯಾರೂ ಇಲ್ಲ ಎಂದರೆ ಐವತ್ತೆರಡು ವರ್ಷಕ್ಕೆ ಬಂದ ಭೇಷ್ ಐದೇ ನಿಮಿಷದಲ್ಲಿ ವಾಪಸ್ ಹೋಗುತ್ತದೆ.

“ಒಬ್ಬರು ಇದ್ದಾರೆ ಅಕ್ಕ. ದೊಡ್ಡ ಮೇಸ್ತ್ರಿ ಅಂತ. ವಯಸ್ಸಾದವರು. ಎಲ್ಲರ ಮನೆಗೂ ಹೋಗಲ್ಲ” ಎಂದುಬಿಟ್ಟರು.

ಪಕ್ಕದಲ್ಲೇ ಪಾತ್ರೆ ಒರೆಸುತ್ತಿದ್ದ ಹೆಂಡತಿ ಗಂಡನ ಮುಖ ನೋಡಿದರಂತೆ. ರಾಯರು ಕಿಟಕಿಯ ಧೂಳು ನೋಡತೊಡಗಿದರಂತೆ. ಈ ಮನೆಯೊಳಗಿನ ಸಂಗತಿಗಳನ್ನೆಲ್ಲ ಆಮೇಲೆ ನನ್ನ ಹೆಂಡತಿಗೆ ಹೇಳಿದವರು ಅವರೇ.

ಅಕ್ಕ ಹೊಗಳುವುದೇ ಅಪರೂಪ. ಹೊಗಳಿದರೆ ಕಟ್ಟಡಕ್ಕೆಲ್ಲ ಕೇಳಬೇಕು. ಎರಡು ದಿನದಲ್ಲಿ ನಮ್ಮ ಸಂಘದ ಅಧ್ಯಕ್ಷರು, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು, ಖುದ್ದಾಗಿ ಬಂದು ಕಾರ್ಡ್ ನೋಡಿದರು. ಅವರ ಹಿಂದೆ ನಾನೂ ಹೋದೆ. ನನ್ನದು ಕನ್ನಡಕದ ಅಂಗಡಿ. ಕಣ್ಣಾರೆ ನೋಡದೆ ನಾನು ಯಾವುದನ್ನೂ ಒಪ್ಪುವವನಲ್ಲ. ನೋಡಿದೆ, ಒಪ್ಪಿದೆ.

“ರಾಯರೇ, ನಮ್ಮನೆ ಬಾಯ್ಲರು ಒಳಗೆ ಯಾರೋ ಕಲ್ಲು ಕುಟ್ಟೋ ಹಾಗೆ ಸದ್ದು ಮಾಡುತ್ತೆ. ನಿಮ್ಮ ಮೇಸ್ತ್ರಿನ ಒಂದು ಸಲ ಕಳಿಸಿ” ಎಂದರು ಅಧ್ಯಕ್ಷರು.

“ಅವರು ಸದ್ಯ ಊರಲ್ಲಿಲ್ಲ.”

“ಬಂದ ಮೇಲೆ?”

“ಬಂದರೆ ಬಹಳ ಕೆಲಸ ಇರುತ್ತೆ. ಸರ್ಕಾರದ ಕೆಲಸ.”

ಸರ್ಕಾರದ ಕೆಲಸ ಎಂದ ಮೇಲೆ ಮೇಸ್ತ್ರಿಯ ಎತ್ತರ ಒಂದು ಗೇಣು ಏರಿತು. ಮನೆಗೆ ಬರದಿದ್ದರೆ ಹೋಗಲಿ, ರೋಗಲಕ್ಷಣ ಹೇಳುತ್ತೇವೆ, ಕೇಳಿಕೊಂಡು ಬನ್ನಿ ಎಂದು ಒಬ್ಬೊಬ್ಬರೂ ಚೀಟಿ ಬರೆದುಕೊಟ್ಟರು. ರಾಯರು ಚೀಟಿಗಳನ್ನು ಕಚೇರಿಗೆ ಒಯ್ದು, ಬಾಯ್ಲರ್ ಜೊತೆ ಬಂದಿದ್ದ ಪುಸ್ತಿಕೆ ತಿರುವಿ, ಪ್ರತಿಯೊಂದರ ಅಂಚಿನಲ್ಲೂ ಷರಾ ಬರೆದು ತಂದರು. ನನ್ನ ಮನೆಯಲ್ಲಿ ಕೊಳವೆಗಳ ಕೆಳಭಾಗ ಬಿಸಿ, ಮೇಲ್ಭಾಗ ತಣ್ಣಗೆ ಇತ್ತು. ‘ಗಾಳಿ ಸಿಕ್ಕಿಕೊಂಡಿದೆ. ಮೇಲಿನ ತಿರುಪು ಸಡಿಲಿಸಿ, ಬುಸ್ ಎಂದ ಮೇಲೆ ಬಿಗಿ ಮಾಡುವುದು’ ಎಂದು ಬಂತು. ಮಾಡಿದೆ. ಬುಸ್ ಎಂದಿತು. ಕೊಳವೆ ಪೂರ್ತಿ ಬಿಸಿಯಾಯಿತು. ಪುಸ್ತಿಕೆಯ ಮೂರನೇ ಪುಟದಲ್ಲಿರುವ ಸಂಗತಿ ಅದು. ಆ ಪುಸ್ತಿಕೆ ನನ್ನ ಮನೆಯಲ್ಲೂ ಇತ್ತು, ಅಲ್ಲಾಡುವ ಮಂಚದ ಕಾಲಿನ ಕೆಳಗೆ. ಆದರೂ ನಾನು ಮೆಟ್ಟಿಲ ಮೇಲೆ ನಿಂತು “ನೋಡದೇನೇ ಹೇಳಿದ್ರಪ್ಪ ಮಹಾನುಭಾವರು!” ಎಂದು ಕೂಗಿದೆ.

ಇದರಲ್ಲಿ ಪೆಟ್ಟು ತಿಂದವಳು ಬೀದಿಯ ತಿರುವಿನ ಮೆಕ್ಯಾನಿಕ್. ‘ಬಾಯ್ಲರ್ ರಿಪೇರಿ ಮತ್ತು ಸರ್ವೀಸ್’ ಎಂದು ಬೋರ್ಡ್ ಹಾಕಿಕೊಂಡು ಎರಡು ವರ್ಷದಿಂದ ಕೂತಿದ್ದ ಹೆಣ್ಣುಮಗಳು. ಪರೀಕ್ಷೆ ಪಾಸಾಗಿದ್ದಳು, ಲೈಸೆನ್ಸ್ ಇತ್ತು, ಕೆಲಸವೂ ಚೆನ್ನಾಗಿ ಗೊತ್ತಿತ್ತು. ಚಳಿ ಶುರುವಾದಾಗ ಆಕೆಯೇ ಮನೆ ಮನೆಗೆ ಬಂದು, “ಕೆಡೋದಕ್ಕೆ ಮುಂಚೆ ಒಂದ್ಸಲ ನೋಡ್ತೀನಿ ಸಾರ್” ಎಂದು ಕೇಳಿದಳು.

“ನೀನು ದೊಡ್ಡ ಮೇಸ್ತ್ರಿ ಹತ್ರ ಕಲಿತವಳೇನಮ್ಮಾ?” ಎಂದರು ಅಧ್ಯಕ್ಷರು.

“ಯಾರು ಸಾರ್ ಅವರು?”

“ಮೇಸ್ತ್ರಿ ಗೊತ್ತಿಲ್ಲದವಳು ಬಾಯ್ಲರ್ ಮುಟ್ತೀಯಾ?” ಎಂದು ಅಧ್ಯಕ್ಷರು ಬಾಗಿಲು ಹಾಕಿಕೊಂಡರು. ನಾನೂ ಹಾಕಿಕೊಂಡೆ.

ಮೂರನೇ ವಾರಕ್ಕೆ ರಾಯರ ಬಾಯ್ಲರ್ ಕೈಕೊಟ್ಟಿತು. ಮೊದಲು ಗೊರ ಗೊರ ಎಂದಿತು. ಆಮೇಲೆ ಒತ್ತಡದ ಮುಳ್ಳು ದಿನಕ್ಕಿಷ್ಟು ಇಳಿಯುತ್ತ ಬಂದು ಸೊನ್ನೆಯ ಪಕ್ಕ ಕೂತಿತು. ಕೆಳಗಿನಿಂದ ತೊಟ್ಟಿಕ್ಕತೊಡಗಿತು. ಒಂದು ಬಟ್ಟಲು ಇಟ್ಟರು. ನೀಲಿಯಾಗಿ ಉರಿಯಬೇಕಾದ ಜ್ವಾಲೆ ಹಳದಿಗೆ ತಿರುಗಿ, ಹೊತ್ತಿಸಿದ ಹತ್ತು ನಿಮಿಷಕ್ಕೆ ಪುಸಕ್ಕೆಂದು ಆರತೊಡಗಿತು. ರಾಯರು ಪುಸ್ತಿಕೆ ತೆಗೆದು ನೋಡಿದರೆ ಎಲ್ಲ ಲಕ್ಷಣಗಳ ಎದುರಿಗೂ ಒಂದೇ ಮಾತಿತ್ತು: ‘ತಜ್ಞರಿಂದ ಸರ್ವೀಸ್ ಮಾಡಿಸಿ.’

ತಜ್ಞರನ್ನು ಕರೆಯುವುದು ಹೇಗೆ? ಮನೆಯಲ್ಲಿ ಅಕ್ಕ ಇಡೀ ದಿನ ಇರುತ್ತಾರೆ, ಗೇಟಿನಲ್ಲಿ ಇಡೀ ದಿನ ಅಧ್ಯಕ್ಷರು ಇರುತ್ತಾರೆ. ಅಕ್ಕನ ಕಾಲಿಗೆ ಬೇಕಾದ ನೀರನ್ನು ರಾಯರ ಹೆಂಡತಿ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಕಾಯಿಸಿ, ಬೆಳಿಗ್ಗೆ ನಾಲ್ಕು ಸಂಜೆ ನಾಲ್ಕು ಬಕೆಟ್ ಹೊತ್ತು, ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ತೊಟ್ಟಿಗೆ ಸುರಿದು, ನಲ್ಲಿಯಿಂದ ಬಂತು ಎಂಬಂತೆ ನಲ್ಲಿಯನ್ನೂ ಸದ್ದಿಗೆ ಸ್ವಲ್ಪ ಬಿಟ್ಟು ಹೊರಗೆ ಬರುತ್ತಿದ್ದರು.

“ಏನೋ ಅದು ಗೊರ ಗೊರ ಸದ್ದು?” ಎಂದು ಅಕ್ಕ ಕೇಳಿದಾಗ, “ಸರ್ವೀಸ್ ಆದ ಯಂತ್ರ ಹಾಗೇ ಅಕ್ಕ. ಒಳಗೆ ಓಡಾಟ ಸಲೀಸಾಗಿರುತ್ತೆ” ಎಂದರು ರಾಯರು.

ಐದನೇ ದಿನ ಹೆಂಡತಿಯ ಭುಜ ಹಿಡಿದುಕೊಂಡಿತು. ಬಕೆಟ್ ಕೆಳಗಿಟ್ಟು ಹೇಳಿದರು: “ನಾಳೆ ಒಂದೋ ನಿಮ್ಮ ಮೇಸ್ತ್ರಿ ಈ ಮನೆಗೆ ಬರಬೇಕು, ಇಲ್ಲಾ ಅಕ್ಕನ ಹತ್ರ ನಿಜ ಹೇಳಬೇಕು. ನನ್ನ ಕೈಲಿ ಇನ್ನಾಗಲ್ಲ.”

ರಾಯರು ರಾತ್ರಿಯೆಲ್ಲ ಹೊರಳಾಡಿದರು. ಎರಡೂ ಆಗದ ಕೆಲಸ. ಬೆಳಿಗ್ಗೆ ಅವರಿಗೆ ಮೂರನೆಯದೊಂದು ಹೊಳೆಯಿತು. ಮೇಸ್ತ್ರಿ ತೀರಿಕೊಂಡರೆ ಯಾರೂ ಕೇಳುವ ಹಾಗಿಲ್ಲ, ಬೇರೆ ಮೆಕ್ಯಾನಿಕ್ ಕರೆಸಿದರೂ ತಪ್ಪಿಲ್ಲ. ಮುಖ ಸಣ್ಣದು ಮಾಡಿಕೊಂಡು ಅಕ್ಕನ ಮುಂದೆ ನಿಂತು, “ದೊಡ್ಡ ಮೇಸ್ತ್ರಿ ಹೋಗಿಬಿಟ್ಟರು ಅಕ್ಕ” ಎಂದರು. ಅಭ್ಯಾಸಬಲದಿಂದ “ನಿನ್ನೆಯ ದಿನಾಂಕದಿಂದ ಜಾರಿಗೆ ಬರುವಂತೆ” ಎಂದೂ ಸೇರಿಸಿದರು.

ಸುದ್ದಿ ಕೇಳಿ ಕಟ್ಟಡವೇ ಮಂಕಾಯಿತು. ಅಧ್ಯಕ್ಷರು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂತಾಪ ಸಭೆ ಕರೆದರು. ಸಭೆ ಎಲ್ಲಿ ಎಂಬ ಪ್ರಶ್ನೆ ಬಂದಾಗ, “ಅವರ ಕೈ ಎಂಟು ವರ್ಷ ಓಡಾಡಿದ್ದು ಎಲ್ಲೋ ಅಲ್ಲೇ” ಎಂದರು. ಹಾಗಾಗಿ ರಾಯರ ಮನೆಯಲ್ಲೇ ಕುರ್ಚಿ ಹಾಕಿದೆವು. ಅಕ್ಕನನ್ನು ಅಡುಗೆಮನೆಯ ಬಾಗಿಲ ಪಕ್ಕ ಕೂರಿಸಿದೆವು. ಫೋಟೋ ಸಿಗಲಿಲ್ಲವಾದ್ದರಿಂದ ಸರ್ವೀಸ್ ಕಾರ್ಡನ್ನೇ ಮೇಜಿನ ಮೇಲೆ ನಿಲ್ಲಿಸಿದೆವು.

ಅಧ್ಯಕ್ಷರು ಎದ್ದು ನಿಂತರು. “ನಾನು ಅವರನ್ನ ಹತ್ತಿರದಿಂದ ಬಲ್ಲೆ” ಎಂದು ಶುರುಮಾಡಿದರು. ನಮಗೆಲ್ಲ ಆಶ್ಚರ್ಯವಾಯಿತು, ಹೊಟ್ಟೆಕಿಚ್ಚೂ ಆಯಿತು. “ಒಂದು ದಿನ ಗೇಟಿನಲ್ಲಿ ಸಿಕ್ಕಿದ್ದರು. ‘ಅಧ್ಯಕ್ಷರೇ, ನಿಮ್ಮಂಥವರಿಂದಲೇ ಈ ಕಟ್ಟಡ ನಿಂತಿದೆ’ ಅಂದರು. ಎಂಥಾ ಸರಳ ಜೀವಿ!”

ಮೂರನೇ ಮಹಡಿಯ ಟೀಚರ್ ತಾನು ಮೇಸ್ತ್ರಿಗೆ ಟೀ ಕೊಟ್ಟಿದ್ದೆ, ಅವರು ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ ಎಂದರು. ಇನ್ನೊಬ್ಬರು ಅವರ ಕೆಮ್ಮನ್ನು ಬಣ್ಣಿಸಿದರು. ನನ್ನ ಸರದಿ ಬಂತು. ಅಷ್ಟು ಜನ ನೋಡಿರುವಾಗ ಕನ್ನಡಕದ ಅಂಗಡಿಯವನಾಗಿ ನಾನೊಬ್ಬನೇ ನೋಡಿಲ್ಲ ಎನ್ನುವುದು ಹೇಗೆ? “ಮೆಟ್ಟಿಲ ಮೇಲೆ ಕೈ ಕುಲುಕಿದ್ದೆ. ಆ ಕೈಯ ಬಿಸಿ ಇನ್ನೂ ನನ್ನ ಕೈಯಲ್ಲಿದೆ” ಎಂದೆ. ಹೇಳುವಾಗ ಕಣ್ಣಲ್ಲಿ ನೀರೂ ಬಂತು. ನೀರು ನಿಜವಾದದ್ದೇ.

ರಾಯರು ಮೂಲೆಯಲ್ಲಿ ಕೂತು ಒಬ್ಬೊಬ್ಬರ ಮುಖವನ್ನೂ ಬೆರಗಾಗಿ ನೋಡುತ್ತಿದ್ದರು.

“ಈಗ ಒಂದು ನಿಮಿಷ ಮೌನ” ಎಂದು ಅಧ್ಯಕ್ಷರು ಗಡಿಯಾರ ಹಿಡಿದರು. ಎಲ್ಲರೂ ಎದ್ದು ತಲೆ ತಗ್ಗಿಸಿದೆವು. ಹತ್ತು ಸೆಕೆಂಡಿಗೆ ಬಾಯ್ಲರ್ ಗೊರ ಗೊರ ಎಂದಿತು. ಇಪ್ಪತ್ತಕ್ಕೆ ಒಳಗೆ ಯಾರೋ ಒದ್ದ ಹಾಗೆ ಧಡ್ ಎಂದಿತು. ಮೂವತ್ತಕ್ಕೆ ಕೆಳಗಿನ ಕೊಳವೆಯಿಂದ ಕರಿ ನೀರು ಚಿಮ್ಮಿ, ಅಡುಗೆಮನೆ ದಾಟಿ ನಮ್ಮ ಕಾಲಡಿಗೆ ಹರಿದು ಬಂತು. ಯಾರೂ ಕದಲಲಿಲ್ಲ. ಮೌನಕ್ಕೆ ಇನ್ನೂ ಅರ್ಧ ನಿಮಿಷ ಬಾಕಿ ಇತ್ತು. ಟೀಚರ್ ಮಾತ್ರ ಸೀರೆಯನ್ನು ಒಂದು ಗೇಣು ಎತ್ತಿ ಹಿಡಿದರು. ಅಧ್ಯಕ್ಷರ ಚಪ್ಪಲಿ ಒಂದು ತೇಲಿ ಬಾಗಿಲ ಕಡೆ ಹೊರಟಿತು. ಅವರು ಅದನ್ನು ಕಣ್ಣಲ್ಲೇ ಬೀಳ್ಕೊಟ್ಟು, ಅರವತ್ತು ಆದ ಮೇಲೆಯೇ “ಓಂ ಶಾಂತಿ. ಯಾರಾದ್ರೂ ನೀರು ನಿಲ್ಸ್ರಪ್ಪಾ!” ಎಂದು ಚೀರಿದರು.

“ತಿರುವಿನ ಹುಡುಗೀನ ಕರೀರಿ” ಎಂದು ಅಕ್ಕ ಊರುಗೋಲು ನೆಲಕ್ಕೆ ಕುಟ್ಟಿದರು. ಹೆಡ್ ನರ್ಸ್ ದನಿ ಅದು, ಮೂವರು ಓಡಿದರು.

ಮೆಕ್ಯಾನಿಕ್ ಚೀಲ ಹಿಡಿದು ಬಂದಳು. ಗ್ಯಾಸ್ ಬಂದ್ ಮಾಡಿ, ನೀರು ಬಂದ್ ಮಾಡಿ, ಕಿಟಕಿ ತೆರೆದು, ಬಾಯ್ಲರ್ ಮುಚ್ಚಳಕ್ಕೆ ಕೈ ಹಾಕಿದವಳು ನಿಂತುಬಿಟ್ಟಳು.

“ಸಾರ್, ಈ ತಿರುಪಿನ ಮೇಲೆ ಕಂಪನಿಯವರ ಸೀಲ್ ಹಾಗೇ ಇದೆ. ಇದನ್ನ ಇಲ್ಲಿವರೆಗೆ ಯಾರೂ ಬಿಚ್ಚಿಲ್ಲ.”

ಸೀಲ್ ಹರಿದು ಮುಚ್ಚಳ ತೆಗೆದಳು. ಒಳಗಿನದು ನೋಡುವ ಹಾಗಿರಲಿಲ್ಲ. ಒಂದು ಬೆರಳು ದಪ್ಪ ಮಸಿ. ಹೊಗೆ ಹೋಗುವ ದಾರಿಯಲ್ಲಿ ಯಾವುದೋ ಹಕ್ಕಿ ಹುಲ್ಲು ತುರುಕಿ ಸಂಸಾರ ಮಾಡಿ ಬಿಟ್ಟುಹೋಗಿತ್ತು. ಉರಿ ಹಳದಿಯಾಗಿ ಹತ್ತೇ ನಿಮಿಷಕ್ಕೆ ಆರುತ್ತಿತ್ತು ಎಂದು ರಾಯರ ಹೆಂಡತಿ ಆಕೆಗೆ ಹೇಳಿದರು. “ವರ್ಷಕ್ಕೊಂದು ಸಲ ಬ್ರಷ್ ಹೊಡೆದು, ಒತ್ತಡ ನೋಡಿ, ಹೊಗೆ ದಾರಿ ಬಿಡಿಸಿದ್ದರೆ ಮುಗೀತಿತ್ತು. ಅರ್ಧ ದಿನದ ಕೆಲಸ. ಹಳದಿ ಉರಿ ಅಂದ್ರೆ ವಿಷದ ಗಾಳಿ ಸಾರ್, ವಾಸನೆ ಕೂಡ ಬರಲ್ಲ. ಇದು ತಾನಾಗೇ ಆರಿಹೋಗ್ತಿತ್ತಲ್ಲ, ಅದು ನಿಮ್ಮ ಅದೃಷ್ಟ. ಇಲ್ಲದಿದ್ರೆ ಇವತ್ತು ಇದೇ ಕುರ್ಚಿ ಹಾಕ್ಕೊಂಡು ನಿಮ್ಮನೆಯವರ ಸಂತಾಪ ಸಭೆ ಮಾಡಬೇಕಿತ್ತು” ಎಂದಳು.

ರಾಯರು ಅಕ್ಕನ ಕಡೆ ನೋಡಿದರು. ಅಕ್ಕ ಮಲಗುತ್ತಿದ್ದ ಕೋಣೆ ಅಡುಗೆಮನೆಯ ಪಕ್ಕದ್ದೇ. ರಾಯರ ಮುಖ ಸುಣ್ಣದಂತಾಯಿತು. ಎದ್ದು ನಿಂತು, ಕೈ ಮುಗಿದು, ಜೀವನದಲ್ಲಿ ಮೊದಲ ಸಲ ಕಾಗದವಿಲ್ಲದೆ ಮಾತಾಡಿದರು.

“ದೊಡ್ಡ ಮೇಸ್ತ್ರಿ ಅಂತ ಯಾರೂ ಇಲ್ಲ. ಇರಲೇ ಇಲ್ಲ. ಕಾರ್ಡ್ ತುಂಬಿದ್ದು ನಾನು. ನಿಮ್ಮ ಚೀಟಿಗೆಲ್ಲ ಬರೆದದ್ದೂ ನಾನೇ. ತಪ್ಪಾಯ್ತು.”

ಅಧ್ಯಕ್ಷರು ರಾಯರ ಹೆಗಲ ಮೇಲೆ ಕೈಯಿಟ್ಟರು.

“ರಾಯರೇ, ದುಃಖ ಮನುಷ್ಯನ ಕೈಲಿ ಏನೇನೋ ಆಡಿಸುತ್ತೆ. ಕೂತ್ಕೊಳ್ಳಿ.”

“ದುಃಖ ಅಲ್ಲ ಸಾರ್! ನಾನು ಹೇಳ್ತಿರೋದು ನಿಜ!”

“ಹಾಗಾದ್ರೆ ಗೇಟಿನಲ್ಲಿ ನನ್ನ ಹತ್ರ ಮಾತಾಡಿದ್ದು ಯಾರು? ನಾನು ಸುಳ್ಳು ಹೇಳ್ತೀನಾ?” ಅಧ್ಯಕ್ಷರ ದನಿ ಏರಿತು. ಟೀಚರ್, “ನಾನು ಟೀ ಕೊಟ್ಟಿದ್ದೀನ್ರೀ!” ಎಂದರು. ಕೆಮ್ಮು ಬಣ್ಣಿಸಿದವರು ಇನ್ನೊಮ್ಮೆ ಕೆಮ್ಮಿ ತೋರಿಸಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನನ್ನ ಬಲಗೈಯನ್ನು ನೋಡಿಕೊಂಡೆ.

“ಬೆಚ್ಚಗಿತ್ತು ಕೈ” ಎಂದೆ.

ಸೀಲ್ ವಿಷಯಕ್ಕೆ ಅಧ್ಯಕ್ಷರೇ ಉತ್ತರ ಕೊಟ್ಟರು. ದೊಡ್ಡ ಮೇಸ್ತ್ರಿಯಂಥವರು ಸೀಲ್ ಒಡೆಯದೆಯೇ ಸರ್ವೀಸ್ ಮಾಡಬಲ್ಲವರಾಗಿದ್ದರು, ಆ ವಿದ್ಯೆ ಅವರ ಜೊತೆಗೇ ಹೋಯಿತು ಎಂದರು. ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿ, “ಅವರ ಕೈ ಕೆಳಗೆ ಕಲಿಯದ ನಿನ್ನ ಕೈಗೆ ಇದನ್ನ ಹೇಗಮ್ಮಾ ಕೊಡೋದು?” ಎಂದು ಕೇಳಿದರು.

ಮೆಕ್ಯಾನಿಕ್ ಆ ಮಸಿಯನ್ನು ನೋಡಿದಳು, ನಮ್ಮನ್ನು ನೋಡಿದಳು. ಆಮೇಲೆ ಉಸ್ಸೆಂದು, “ನಾನೂ ಅವರ ಶಿಷ್ಯೆನೇ ಸಾರ್. ಈಗಲಾದ್ರೂ ಬ್ರಷ್ ಹಾಕಲಾ?” ಎಂದಳು. ಮುಂದಿನ ಎರಡೇ ವಾರದಲ್ಲಿ ಹನ್ನೆರಡು ಬಾಯ್ಲರೂ ಸರ್ವೀಸ್ ಆದವು. ಆಕೆಯ ಬೋರ್ಡಿನ ಮೇಲೆ ಈಗ ‘ದೊಡ್ಡ ಮೇಸ್ತ್ರಿಗಳ ಶಿಷ್ಯೆ’ ಎಂದಿದೆ. ಲೈಸೆನ್ಸ್ ನಂಬರು ಅದರ ಕೆಳಗೆ ಸಣ್ಣಕ್ಷರದಲ್ಲಿದೆ. ಅದನ್ನು ಯಾರೂ ಓದುವುದಿಲ್ಲ.

ರಾಯರ ಮಾತನ್ನು ನಂಬಿದವರು ಒಬ್ಬರೇ, ಅಕ್ಕ. ಜನ ಚದುರಿದ ಮೇಲೆ ತಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡರಂತೆ.

“ಚಾರ್ಟ್‌ನಲ್ಲಿ ಜ್ವರ ಇಳಿದಿದೆ ಅಂತ ಬರೆದಿರ್ತಿದ್ರು, ಹೋಗಿ ಮುಟ್ಟಿದ್ರೆ ಹೆಣ ಆಗಿರೋದು. ಅಂಥಾ ಕೈಬರಹ ನಾನು ನೋಡಿದ್ದೀನಿ. ನನ್ನ ಮನೆಯಲ್ಲೇ ಬೆಳೀತಿದೆ ಅಂತ ಗೊತ್ತಿರಲಿಲ್ಲ. ನಿನ್ನ ಹೆಂಡ್ತಿ ಭುಜ ನೋಡಿದ್ದೀಯೇನೋ? ನಿನ್ನ ನಿಜಾನ ಈ ಕಟ್ಟಡದಲ್ಲಿ ಒಬ್ಬರಾದ್ರೂ ನಂಬಿದೀನಿ ಅಂತ ಬಂದು ನನ್ನ ಹತ್ರ ಹೇಳಲಿ. ಅಲ್ಲೀವರೆಗೂ ನನ್ನ ಜೊತೆ ಮಾತಾಡಬೇಡ.”

ಅಂದಿನಿಂದ ರಾಯರು ಸಂಜೆ ಕಚೇರಿಯಿಂದ ಬಂದವರೇ ಒಂದೊಂದು ಮನೆಯ ಬಾಗಿಲು ತಟ್ಟುತ್ತಾರೆ. “ಮೇಸ್ತ್ರಿ ಇರಲಿಲ್ಲ, ದಯವಿಟ್ಟು ನಂಬಿ” ಎನ್ನುತ್ತಾರೆ. ಪ್ರತಿ ಮನೆಯವರೂ ಪಾಪ ಎಂದು ಕೂರಿಸಿ, ಸಮಾಧಾನ ಹೇಳಿ, ಬೆನ್ನು ಸವರಿ ಕಳಿಸುತ್ತಾರೆ. ಅಕ್ಕನ ಮಂಡಿ ವಾಸಿಯಾಗಿದೆ, ನಾಳೆ ಊರಿಗೆ ಹೊರಡುತ್ತಾರೆ. ಇನ್ನೂ ತಮ್ಮನ ಜೊತೆ ಮಾತಾಡಿಲ್ಲ.

ನಿನ್ನೆ ಸಂಜೆ ರಾಯರು ನನ್ನ ಮನೆಗೆ ಮೂರನೇ ಸಲ ಬಂದಿದ್ದರು. ಸೊರಗಿಹೋಗಿದ್ದಾರೆ. “ನೀವು ಬುದ್ಧಿವಂತರು. ಒಂದೇ ಒಂದು ಮಾತು ಅಕ್ಕನ ಹತ್ರ ಹೇಳಿಬಿಡಿ. ನಾಡಿದ್ದು ಹೋಗಿಬಿಡ್ತಾಳೆ” ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಕರುಳು ಚುರುಕ್ಕೆಂದಿತು, ಸುಳ್ಳು ಯಾಕೆ ಹೇಳಲಿ. ಮಹಡಿ ಇಳಿದು ಹೋಗಿ ಹೇಳಿ ಬರಲು ಎರಡು ನಿಮಿಷ ಸಾಕು. ಆದರೂ ಟೀ ಕೊಟ್ಟು, ಬಾಗಿಲವರೆಗೆ ಬಂದು, ಹುಷಾರಾಗಿ ಮೆಟ್ಟಿಲು ಇಳೀರಿ ಎಂದು ಕಳಿಸಿದೆ. ನೀವೇ ಹೇಳಿ, ಒಬ್ಬ ಮನುಷ್ಯ ನಿಜ ಹೇಳಬೇಕು ಅಂತ ಹನ್ನೊಂದು ಮನೆಯ ಮರ್ಯಾದಸ್ಥರು ಸುಳ್ಳರಾಗುವುದು ಯಾವ ನ್ಯಾಯ?